ಮನೆಮಂದಿಯೆಲ್ಲ ಕೂತು ಆಡಲು ಯಾವ ಬೋರ್ಡ್ ಗೇಮ್? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದವರು ಕಪಾಟಿನಲ್ಲಿ ಪೇರಿಸಿಟ್ಟ ಪೆಟ್ಟಿಗೆಗಳನ್ನು ನೋಡಿ ಕೇಳುವ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಕೇಳುವ, ಪತ್ರ ಬರೆದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಸುಲಭದವು ಮೊದಲು ಬರುತ್ತವೆ, ಆಟದ ಹುಚ್ಚು ಹತ್ತಿದವರ ಪ್ರಶ್ನೆಗಳು ಕೊನೆಗೆ.

## ಶುರುಮಾಡುವವರಿಗೆ

ಲೂಡೋ, ಹಾವು ಏಣಿ, ಚೌಕಾಬಾರ ಎಲ್ಲಾ ಮನೇಲಿದೆ. ಈ ಹೊಸ ಆಟಗಳಲ್ಲಿ ಅಂಥದ್ದೇನಿದೆ?

ಹಳೆಯದೆಲ್ಲ ಅದೃಷ್ಟದ ಆಟ, ಹೊಸದೆಲ್ಲ ಬುದ್ಧಿಯ ಆಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾವು ಏಣಿಯಲ್ಲಿ ಆಡುವವರು ತೀರ್ಮಾನಿಸುವುದು ಏನೂ ಇಲ್ಲ, ನಿಜ. ಆದರೆ ಚೌಕಾಬಾರದಲ್ಲಿ ಯಾವ ಕಾಯಿ ನಡೆಸಬೇಕು, ಯಾರದನ್ನು ಹೊಡೆಯಬೇಕು, ಕಟ್ಟೆಯಲ್ಲೇ ಕೂತಿರಬೇಕೇ ಎಂಬ ಲೆಕ್ಕ ಪ್ರತಿ ಸಲ ಇರುತ್ತದೆ. ಅಳಗುಳಿಮಣೆ, ಹುಲಿಕಟ್ಟುಗಳಲ್ಲಂತೂ ಕವಡೆಯೇ ಇಲ್ಲ, ಬರೀ ತಲೆ.

ಹೊಸ ಆಟಗಳು ಬೇರೆಯಾಗುವುದು ಮೂರು ಅಭ್ಯಾಸಗಳಲ್ಲಿ. ಕೊನೆಯವರೆಗೂ ಯಾರೂ ಆಟದಿಂದ ಹೊರಬೀಳುವುದಿಲ್ಲ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಹೇಳಬಹುದು. ನಿಮ್ಮ ಸರದಿ ಬಂದಾಗ ಎರಡು ಮೂರು ಒಳ್ಳೆಯ ದಾರಿಗಳಿರುತ್ತವೆ, ಆಯ್ಕೆ ನಿಮ್ಮದು. ಈ ಅಭ್ಯಾಸ ಹೆಚ್ಚಾಗಿ ಜರ್ಮನಿಯಲ್ಲಿ ಬೆಳೆದದ್ದು. 1995ರಲ್ಲಿ ಕ್ಲಾಸ್ ಟ್ಯೂಬರ್ ಎಂಬ ಹಲ್ಲಿನ ಲ್ಯಾಬ್ ಕೆಲಸಗಾರ ಮಾಡಿದ ‘ಕ್ಯಾಟನ್’ ಅದನ್ನು ಜಗತ್ತಿಗೆಲ್ಲ ಹಂಚಿತು.

ಒಂದೇ ಒಂದು ಆಟ ತಗೊಳ್ಳೋದು. ಯಾವುದು ಅಂತ ಹೇಳಿಬಿಡಿ, ಸಾಕು.

‘ಟಿಕೆಟ್ ಟು ರೈಡ್’. ಅಲನ್ ಆರ್. ಮೂನ್ 2004ರಲ್ಲಿ ಮಾಡಿದ್ದು. ಇಬ್ಬರಿಂದ ಐವರು ಆಡಬಹುದು, ಸುಮಾರು ಒಂದು ಗಂಟೆ ಹಿಡಿಯುತ್ತದೆ. ಒಂದೇ ಬಣ್ಣದ ಎಲೆಗಳನ್ನು ಕೂಡಿಸಿ, ಎರಡು ಊರುಗಳ ನಡುವೆ ನಿಮ್ಮ ಪುಟಾಣಿ ರೈಲುಡಬ್ಬಿಗಳನ್ನು ಇಡುವುದು, ಅಷ್ಟೇ. ರಮ್ಮಿ ಆಡಿದವರಿಗೆ ಐದು ನಿಮಿಷದಲ್ಲಿ ಕೈ ಹತ್ತುತ್ತದೆ. ಕೈಯಲ್ಲಿರುವ ಟಿಕೆಟಿನ ಊರುಗಳನ್ನು ಕೂಡಿಸಲಾಗದಿದ್ದರೆ ಅಂಕ ಕಳೆಯುತ್ತಾರೆ, ಆ ದುಗುಡದಲ್ಲೇ ಆಟದ ಸ್ವಾದ. ಮನೆಯಲ್ಲಿ ನೀವಿಬ್ಬರೇ ಇದ್ದರೆ ಅಥವಾ ಮಗುವಿಗೆ ಇನ್ನೂ ಆರಾಗಿಲ್ಲದಿದ್ದರೆ ಈ ಉತ್ತರ ನಿಮ್ಮದಲ್ಲ, ಕೆಳಗೆ ಓದಿ.

ಪೆಟ್ಟಿಗೆ ಮೇಲೆ 8+, 10+ ಅಂತ ಇರುತ್ತಲ್ಲ, ಅದನ್ನ ನಂಬಬಹುದಾ?

ಅರ್ಧ ನಂಬಿ. ‘ಕಾರ್ಕಸೋನ್’ ಮೇಲೆ 7 ಇದೆ, ‘ಅಝುಲ್’ ಮೇಲೆ 8, ‘ಕ್ಯಾಟನ್’ ಮೇಲೆ 10. ಇದು ನಿಯಮ ಅರ್ಥವಾಗುವ ವಯಸ್ಸು. ನಲವತ್ತು ನಿಮಿಷ ಅಲ್ಲಾಡದೆ ಕೂರುವ ವಯಸ್ಸು ಬೇರೆ, ಅದು ನಿಮಗೇ ಗೊತ್ತು. ಮನೆಯಲ್ಲಿ ಇಸ್ಪೀಟೋ ಚೌಕಾಬಾರವೋ ಆಡುತ್ತ ಬೆಳೆದ ಆರು ವರ್ಷದ ಮಗು ಎಂಟರ ಆಟ ಆಡಬಲ್ಲದು. ಆದರೆ ಪುಟ್ಟ ಬಿಡಿಭಾಗಗಳ ಕಾರಣಕ್ಕೆ ಮೂರು ವರ್ಷದೊಳಗಿನವರಿಗೆ ಬೇಡ ಎಂದು ಬರೆದಿದ್ದರೆ ಅದನ್ನು ಪೂರ್ತಿ ನಂಬಿ. ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಕೆಳಗೆ ಚಾಪೆ ಹಾಸಿ ಆಡುವುದೆಂದರೆ ಕಾಯಿ ಬಾಯಿಗೆ ಹೋದಂತೆಯೇ.

ಬಿಸಿನೆಸ್ ಆಟ ಆಡಿದ್ರೆ ಪ್ರತಿ ಸಲ ಜಗಳ, ಮೂರು ಗಂಟೆ ಆದ್ರೂ ಮುಗಿಯಲ್ಲ. ಎಲ್ಲ ಬೋರ್ಡ್ ಗೇಮೂ ಹೀಗೇನಾ?

ಅಲ್ಲ. ಅದರಲ್ಲಿ ಮೊದಲು ದಿವಾಳಿಯಾದವರು ಉಳಿದವರು ಆಡುವುದನ್ನು ನೋಡುತ್ತ ಕೂರಬೇಕು, ಮುಂದೆ ಹೋದವರು ಮುಂದಕ್ಕೇ ಹೋಗುತ್ತಾರೆ. ಬಿಸಿನೆಸ್‌ಗೆ ಮೂಲವಾದ ಮೊನಾಪಲಿಯ ನಿಯಮದಲ್ಲಿ, ಬಂದ ಜಾಗವನ್ನು ಒಬ್ಬರು ಕೊಳ್ಳದಿದ್ದರೆ ತಕ್ಷಣ ಹರಾಜು ಹಾಕಬೇಕು. ಬಹಳ ಮನೆಗಳಲ್ಲಿ ಇದನ್ನು ಬಿಟ್ಟೇ ಆಡುತ್ತಾರೆ, ಅದಕ್ಕೂ ಆಟ ಉದ್ದವಾಗುತ್ತದೆ. ಹರಾಜು ಹಾಕಿ ನೋಡಿ. ಕೊಡುಕೊಳ್ಳುವ ಚೌಕಾಸಿಯೇ ನಿಮ್ಮ ಮನೆಯವರಿಗೆ ಇಷ್ಟವೆಂದಾದರೆ ‘ಕ್ಯಾಟನ್’ ತನ್ನಿ. ಅಲ್ಲಿ ಹತ್ತು ಅಂಕ ಮೊದಲು ಮುಟ್ಟಿದವರು ಗೆದ್ದಂತೆ, ಯಾರೂ ದಿವಾಳಿಯಾಗುವುದಿಲ್ಲ.

ಇಷ್ಟು ದುಡ್ಡು ಕೊಟ್ಟು ರಟ್ಟು ಕಾಗದ ತಗೋಬೇಕಾ? ಆನ್‌ಲೈನಲ್ಲಿ ಅದೇ ಆಟ ಕಾಲು ಬೆಲೆಗೆ ಸಿಗ್ತಿದೆ.

ಕಾಲು ಬೆಲೆಗೆ ಸಿಗುವುದು ‘ಅದೇ ಆಟ’ ಆಗಿರುವುದು ಅಪರೂಪ. ಹೆಸರುವಾಸಿ ಆಟಗಳ ನಕಲಿ ಸರಕು ಬೇಕಾದಷ್ಟಿದೆ. ನಾನೂ ಒಮ್ಮೆ ಮೋಸ ಹೋದೆ: ಎಲೆಗಳ ಬೆನ್ನಿನ ಬಣ್ಣವೇ ಒಂದೊಂದು ಥರ, ಮಗ್ಗುಲಿಂದಲೇ ಯಾವ ಎಲೆ ಎಂದು ಹೇಳಬಹುದಿತ್ತು. ಪ್ರಕಾಶಕರ ಹೆಸರಿಲ್ಲದ, ಚಿತ್ರ ಮಸುಕಾದ ಪೆಟ್ಟಿಗೆ ಬೇಡ. ಚಿಕ್ಕ ಮಕ್ಕಳ ಆಟಿಕೆಯಾದರೆ ಐಎಸ್‌ಐ ಗುರುತು ನೋಡಿ, 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿಯಿಂದ ಅದು ಕಡ್ಡಾಯ.

ಕಡಿಮೆ ದುಡ್ಡಲ್ಲಿ ಶುರುಮಾಡಲು ಎಲೆಯಾಟಗಳೇ ಸರಿ. ಬೆಂಗಳೂರಿನಂಥ ಊರಲ್ಲಿದ್ದರೆ ಬೋರ್ಡ್ ಗೇಮ್ ಕೆಫೆಯಲ್ಲಿ ಒಂದು ಸಂಜೆ ಆಡಿ ನೋಡಿ, ಆಮೇಲೆ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯಲ್ಲೂ ತಪ್ಪೇನಿಲ್ಲ, ಕಾಯಿ ಎಣಿಸಿ ತನ್ನಿ.

## ಚಾಪೆಯ ಮೇಲೆ ಯಾರು ಯಾರು?

ನಮ್ಮಜ್ಜಿಗೆ ಇಂಗ್ಲಿಷ್ ಬರಲ್ಲ. ಅವರನ್ನ ಬಿಟ್ಟು ಆಡೋಕೆ ಮನಸ್ಸು ಬರಲ್ಲ.

ಬಿಡಬೇಡಿ. ಮೊಮ್ಮಕ್ಕಳಿಗಿಂತ ಅವರೇ ಚುರುಕಾಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಕ್ಷರವೇ ಬೇಕಿಲ್ಲದ ಆಟಗಳು ಬೇಕಾದಷ್ಟಿವೆ.

‘ಕ್ವರ್ಕಲ್’ನಲ್ಲಿ 108 ಮರದ ಬಿಲ್ಲೆಗಳು, ಆರು ಬಣ್ಣ, ಆರು ಆಕಾರ. ಒಂದು ಸಾಲಿನಲ್ಲಿ ಬಣ್ಣ ಒಂದೇ ಇರಬೇಕು ಇಲ್ಲವೇ ಆಕಾರ ಒಂದೇ ಇರಬೇಕು, ಆದರೆ ಒಂದೇ ಬಿಲ್ಲೆ ಎರಡು ಸಲ ಬರಬಾರದು. ಬಿಲ್ಲೆ ದಪ್ಪಗಿರುವುದರಿಂದ ನಡುಗುವ ಕೈಗೂ ಸಲೀಸು. ಕೆಂಪು, ಕಿತ್ತಳೆ ಬಣ್ಣಗಳು ಮಂದ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ, ದೀಪದ ಕೆಳಗೆ ಕೂರಿಸಿ. ‘ಅಝುಲ್’ನದು ಪೋರ್ಚುಗಲ್‌ನ ಗೋಡೆಯ ಹೆಂಚಿನ ವಿನ್ಯಾಸ, ಕೈಯಲ್ಲಿ ಹಿಡಿದರೇ ಖುಷಿ. ‘ಕಾರ್ಕಸೋನ್’ನಲ್ಲಿ 72 ಚೌಕ ಬಿಲ್ಲೆಗಳನ್ನು ಒಂದಕ್ಕೊಂದು ಹೊಂದಿಸುತ್ತ ರಸ್ತೆ, ಕೋಟೆ, ಹೊಲ ಕಟ್ಟುತ್ತ ಹೋಗುವುದು. ಹೊಲಕ್ಕೆ ಅಂಕ ಹಾಕುವ ನಿಯಮ ತುಸು ತೊಡಕು. ಮೊದಲ ನಾಲ್ಕೈದು ಆಟಕ್ಕೆ ಹೊಲ ಬಿಟ್ಟೇ ಆಡಿ.

ಹೊಸ ಆಟ ಹೇಳಿಕೊಡುವಾಗ ಅಜ್ಜಿಗೆ ಗೊತ್ತಿರುವ ಮಾತಿನಲ್ಲೇ ಹೇಳಿ. ‘ಇಲ್ಲಿಗೆ ಬಂದರೆ ಕಾಯಿ ಹಣ್ಣಾದ ಹಾಗೆ’, ‘ಇದು ಕಟ್ಟೆ, ಇಲ್ಲಿ ಯಾರೂ ಹೊಡೆಯುವ ಹಾಗಿಲ್ಲ’ ಎಂದರೆ ಮುಗಿಯಿತು.

ದೊಡ್ಡವಳಿಗೆ ಹನ್ನೆರಡು, ಚಿಕ್ಕವನಿಗೆ ನಾಲ್ಕು. ಇಬ್ಬರಿಗೂ ಹೊಂದೋ ಆಟ ಇದೆಯಾ?

ಬುದ್ಧಿಯ ಆಟದಲ್ಲಿ ಈ ಅಂತರ ಮುಚ್ಚುವುದಿಲ್ಲ, ಕಣ್ಣು ಮತ್ತು ಕೈಯ ಆಟದಲ್ಲಿ ಮುಚ್ಚುತ್ತದೆ. ‘ಡಾಬಲ್’ನಲ್ಲಿ 55 ದುಂಡನೆಯ ಎಲೆಗಳು, ಒಂದೊಂದರಲ್ಲಿ ಎಂಟು ಚಿತ್ರ. ಯಾವ ಎರಡು ಎಲೆ ತೆಗೆದರೂ ಒಂದೇ ಒಂದು ಚಿತ್ರ ಎರಡರಲ್ಲೂ ಇರುತ್ತದೆ, ಅದನ್ನು ಮೊದಲು ಕೂಗಿದವರದು ಆಟ. ಇದು ಹೇಗೆ ಸಾಧ್ಯ ಎಂದು ಹನ್ನೆರಡರ ಹುಡುಗಿ ಲೆಕ್ಕ ಹಾಕುತ್ತ ಕೂತಾಗ ನಾಲ್ಕರ ಪೋರ ಗೆದ್ದಿರುತ್ತಾನೆ. ಚಿಕ್ಕವನಿಗೇ ಪ್ರತ್ಯೇಕವಾಗಿ ಬೇಕೆಂದರೆ ‘ಫಸ್ಟ್ ಆರ್ಚರ್ಡ್’ ಇದೆ: ಕಾಗೆ ತೋಟಕ್ಕೆ ನುಗ್ಗುವ ಮೊದಲು ಎಲ್ಲರೂ ಸೇರಿ ಹಣ್ಣು ಕೀಳಬೇಕು. ದೊಡ್ಡವರಿಗೆ ಬೇಸರದ ಆಟ, ಸುಳ್ಳು ಹೇಳುವುದಿಲ್ಲ. ಹತ್ತೇ ನಿಮಿಷ, ಸಹಿಸಿಕೊಳ್ಳಿ. ಆರು ತುಂಬಿದ ಮೇಲೆ ‘ಟಿಕೆಟ್ ಟು ರೈಡ್: ಫಸ್ಟ್ ಜರ್ನಿ’.

ಮಗ ಸೋತರೆ ಅತ್ತು ಬೋರ್ಡೇ ಎತ್ತಿ ಹಾಕ್ತಾನೆ. ನಾವೇ ಬೇಕಂತ ಸೋತುಬಿಡಬೇಕಾ?

ಬೇಡ. ಮಕ್ಕಳಿಗೆ ಗೊತ್ತಾಗುತ್ತದೆ, ಗೊತ್ತಾದ ದಿನ ನೀವು ಕೊಟ್ಟ ಹಳೆಯ ಗೆಲುವುಗಳೂ ಸಪ್ಪೆಯಾಗುತ್ತವೆ. ಬದಲಿಗೆ ಎಲ್ಲರ ಎದುರೇ ರಿಯಾಯಿತಿ ಕೊಡಿ: ಅವನಿಗೆ ಹತ್ತು ಅಂಕ ಮುಂಚೆಯೇ, ಅಥವಾ ನನಗೆ ಒಂದು ಎಲೆ ಕಡಿಮೆ. ಗೆಲ್ಲುತ್ತ ಹೋದಂತೆ ಅವನೇ ರಿಯಾಯಿತಿ ಬೇಡ ಎನ್ನುತ್ತಾನೆ, ಅಂದು ಹೋಳಿಗೆ ಮಾಡಿ.

ಇನ್ನೊಂದು ದಾರಿ, ಎಲ್ಲರೂ ಒಂದೇ ಕಡೆ ನಿಂತು ಆಟದ ವಿರುದ್ಧವೇ ಆಡುವ ಸಹಕಾರದ ಆಟಗಳು. ಮ್ಯಾಟ್ ಲೀಕಾಕ್ ಅವರ ‘ಫರ್ಬಿಡನ್ ಐಲ್ಯಾಂಡ್’ನಲ್ಲಿ ಮುಳುಗುತ್ತಿರುವ ದ್ವೀಪದಿಂದ ನಾಲ್ಕು ನಿಧಿ ತೆಗೆದುಕೊಂಡು ಪಾರಾಗಬೇಕು. ಸೋತರೂ ಎಲ್ಲರೂ ಒಟ್ಟಿಗೆ ಮುಳುಗುತ್ತಾರೆ. ಅಪ್ಪನೂ ಸೋಲುತ್ತಾನೆ, ಸೋತು ನಗುತ್ತಾನೆ ಎಂಬುದನ್ನು ಮಗ ಹತ್ತಿರದಿಂದ ನೋಡುತ್ತಾನಲ್ಲ, ನನ್ನ ಅನುಭವದಲ್ಲಿ ಅದೇ ಮದ್ದು.

ಹಬ್ಬಕ್ಕೆ ಊರಲ್ಲಿ ಎಂಟು ಹತ್ತು ಜನ ಸೇರ್ತೀವಿ. ಹೆಚ್ಚಿನ ಆಟ ನಾಲ್ಕು ಜನಕ್ಕೇ ಮುಗಿದುಹೋಗುತ್ತೆ.

ವೋಲ್ಫ್‌ಗಾಂಗ್ ಕ್ರಾಮರ್ 1994ರಲ್ಲಿ ಮಾಡಿದ ‘ಸಿಕ್ಸ್ ನಿಮ್ಟ್’ ನಿಮಗೇ ಮಾಡಿದ ಹಾಗಿದೆ, ಹತ್ತು ಜನರವರೆಗೆ ಆಡಬಹುದು. 1ರಿಂದ 104ರವರೆಗೆ ಅಂಕಿ ಬರೆದ ಎಲೆಗಳು. ಒಬ್ಬೊಬ್ಬರಿಗೆ ಹತ್ತು ಎಲೆ, ನಡುವೆ ನಾಲ್ಕು ಸಾಲು. ಎಲ್ಲರೂ ಒಂದೊಂದು ಎಲೆ ಆರಿಸಿ ಒಟ್ಟಿಗೆ ಮಗುಚಬೇಕು. ಚಿಕ್ಕ ಅಂಕಿಯಿಂದ ಶುರುಮಾಡಿ, ತನಗಿಂತ ಕಡಿಮೆಯ, ಅತಿ ಹತ್ತಿರದ ಅಂಕಿಯಿರುವ ಸಾಲಿನ ಕೊನೆಗೆ ಎಲೆ ಸೇರುತ್ತದೆ. ಸಾಲಿನ ಆರನೆಯ ಎಲೆ ಯಾರದೋ ಅವರು ಮೊದಲ ಐದನ್ನೂ ಎತ್ತಿಕೊಳ್ಳಬೇಕು. ಎಲ್ಲ ಸಾಲಿನ ಕೊನೆಗಿಂತಲೂ ಚಿಕ್ಕ ಎಲೆ ಹಾಕಿದವರು ಯಾವುದಾದರೊಂದು ಸಾಲು ಎತ್ತಿಕೊಂಡು ತಮ್ಮ ಎಲೆಯಿಂದ ಹೊಸ ಸಾಲು ಶುರುಮಾಡಬೇಕು. ಎತ್ತಿಕೊಂಡದ್ದೆಲ್ಲ ದಂಡ: ಸಾಮಾನ್ಯ ಎಲೆಗೆ 1, ಐದರಿಂದ ಕೊನೆಯಾಗುವುದಕ್ಕೆ 2, ಸೊನ್ನೆಯಿಂದ ಕೊನೆಯಾಗುವುದಕ್ಕೆ 3, 11ರ ಮಗ್ಗಿಯದಕ್ಕೆ 5, 55ಕ್ಕೆ ಮಾತ್ರ 7. ಮಾವ ಒಂದೇ ಸಲ ಹದಿನೈದು ದಂಡ ಎತ್ತಿಕೊಂಡಾಗ ಪಡಸಾಲೆಯಲ್ಲಿ ಏಳುವ ಗದ್ದಲ ಬೀದಿಗೆ ಕೇಳುತ್ತದೆ.

ನಿಯಮ ಕೇಳುವ ತಾಳ್ಮೆಯೇ ಇಲ್ಲದ ಗುಂಪಾದರೆ ಏಳು ಜನರವರೆಗೆ ‘ಜಸ್ಟ್ ಒನ್’. ಒಬ್ಬರು ಗುಟ್ಟಿನ ಪದ ಊಹಿಸಬೇಕು, ಉಳಿದವರು ಒಂದೊಂದು ಸುಳಿವು ಬರೆಯುತ್ತಾರೆ. ಇಬ್ಬರು ಒಂದೇ ಸುಳಿವು ಬರೆದರೆ ಎರಡನ್ನೂ ಅಳಿಸಬೇಕು.

ಮಕ್ಕಳು ಓದೋಕೆ ಹೊರಗೆ ಹೋದ್ರು. ಈಗ ನಾವಿಬ್ರೇ.

‘ಪ್ಯಾಚ್‌ವರ್ಕ್’. ಊವೆ ರೋಸೆನ್‌ಬರ್ಗ್ ಮಾಡಿದ, ಇಬ್ಬರೇ ಆಡುವ ಆಟ. ಬೇರೆ ಬೇರೆ ಆಕಾರದ ಬಟ್ಟೆ ತುಂಡುಗಳನ್ನು ಗುಂಡಿಗಳ ಬೆಲೆಗೆ ಕೊಂಡು ಒಂಬತ್ತು ಮನೆ ಉದ್ದ, ಒಂಬತ್ತು ಮನೆ ಅಗಲದ ಹಲಗೆಯಲ್ಲಿ ತೂತು ಉಳಿಯದಂತೆ ಜೋಡಿಸಬೇಕು. ಸರಳವಾಗಿ ಹೇಳಿದರೆ ಕೌದಿ ಹೊಲಿಯುವುದು. ಇಬ್ಬರೂ ಒಂದೇ ಕಡೆ ಇರಬೇಕೆಂದರೆ 2024ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆದ ‘ಸ್ಕೈ ಟೀಮ್’. ಒಬ್ಬರು ಪೈಲಟ್, ಒಬ್ಬರು ಕೋ-ಪೈಲಟ್. ದಾಳ ಹಾಕಿದ ಮೇಲೆ ಮಾತಾಡದೆ ವಿಮಾನ ಇಳಿಸಬೇಕು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಇದು ಕಷ್ಟವಾಗಬಾರದು ಅಂದುಕೊಂಡಿದ್ದೆ. ಆಗುತ್ತದೆ.

ಹದಿನೈದರ ಮಗಳು ಫೋನ್ ಬಿಟ್ಟು ಬರೋದೇ ಇಲ್ಲ.

‘ಬಾ, ಎಲ್ಲರೂ ಆಡೋಣ’ ಎಂದು ಕರೆದರೆ ಬರುವುದಿಲ್ಲ. ಪೆಟ್ಟಿಗೆ ಅವಳ ಕೈಗೆ ಕೊಟ್ಟು ‘ಇದು ನಮಗೆ ಅರ್ಥವಾಗುತ್ತಿಲ್ಲ, ನೋಡಿ ಹೇಳಿಕೊಡು’ ಎನ್ನಿ. ನಿಯಮ ಹೇಳುವ ಅಧಿಕಾರ ಸಿಕ್ಕರೆ ಬರುತ್ತಾಳೆ. ಒಂದೇ ಆಟ ಸಾಕು, ಇನ್ನೊಂದು ಆಡು ಎಂದು ಗೋಗರೆಯಬೇಡಿ.

ದಾಳ, ಇಸ್ಪೀಟು ಮನೆಗೆ ಬಂದ್ರೆ ಜೂಜು ಕಲೀತಾರೆ ಅಂತ ಮಾವನವರು ಬೈತಾರೆ.

ಪಣ ಕಟ್ಟಿದರೆ ಜೂಜು, ಕಟ್ಟದಿದ್ದರೆ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಮಣೆಯಾಟ, ಎಲೆಯಾಟಗಳನ್ನು ಕಟ್ಟಿದವರು, ಅದನ್ನು ಹೇಳಿ ನೋಡಿ. ಅದಕ್ಕೂ ಬಗ್ಗದಿದ್ದರೆ ದಾಳವೂ ಇಲ್ಲದ ಎಲೆಯೂ ಇಲ್ಲದ ‘ಕ್ವರ್ಕಲ್’ ಇಡಿ, ಅವರೇ ಇಣುಕಿ ‘ಆ ಬಿಲ್ಲೆ ಅಲ್ಲಿಡು’ ಎನ್ನುತ್ತಾರೆ.

## ಆಡಿಸುವವರಿಗೆ, ಮುಂದೆ ಹೋಗುವವರಿಗೆ

ನಿಯಮ ಓದಿ ಹೇಳೋಷ್ಟರಲ್ಲಿ ಅರ್ಧ ಜನ ಎದ್ದುಹೋಗಿರ್ತಾರೆ. ಏನು ಮಾಡೋದು?

ಎಲ್ಲರನ್ನೂ ಕೂರಿಸಿಕೊಂಡು ಪುಸ್ತಕ ತೆರೆಯಲೇಬೇಡಿ. ಹಿಂದಿನ ರಾತ್ರಿ ಒಬ್ಬರೇ ಕೂತು, ಇಬ್ಬರ ಎಲೆಯನ್ನೂ ನೀವೇ ಹಿಡಿದು ನಾಲ್ಕು ಸುತ್ತು ಆಡಿಕೊಳ್ಳಿ. ಮರುದಿನ ಮೂರು ಮಾತು ಹೇಳಿ ಶುರುಮಾಡಿ: ಗೆಲ್ಲುವುದು ಹೇಗೆ, ನಿನ್ನ ಸರದಿಯಲ್ಲಿ ಏನು ಮಾಡಬಹುದು, ಆಟ ಮುಗಿಯುವುದು ಯಾವಾಗ. ಉಳಿದದ್ದು ಬಂದಾಗ ಹೇಳಿದರಾಯಿತು. ಮೊದಲ ಆಟ ಲೆಕ್ಕಕ್ಕಿಲ್ಲ ಎಂದು ಮೊದಲೇ ಸಾರಿಬಿಡಿ. ಫ್ಯಾನ್ ಕೂಡ ಮೊದಲೇ ಆರಿಸಿ. ಎಲೆಗಳೆಲ್ಲ ಹಾರಿದ ಮೇಲೆ ಆಟ ಮತ್ತೆ ಕೂಡುವುದಿಲ್ಲ.

ಸಹಕಾರದ ಆಟ ತಂದ್ವಿ. ಈಗ ನಮ್ಮನೆಯವ್ರು ಎಲ್ಲರ ಆಟಾನೂ ತಾವೇ ಆಡ್ತಾರೆ, ‘ನೀ ಅಲ್ಲಿಗೆ ಹೋಗು, ನೀ ಇದನ್ನ ಎತ್ಕೋ’ ಅಂತ.

ಇದು ಎಲ್ಲ ದೇಶದಲ್ಲೂ ಇರುವ ಕಾಯಿಲೆ. ಒಬ್ಬರಿಗೆ ಎಲ್ಲವೂ ಕಾಣುವ ಆಟದಲ್ಲಿ ಯಜಮಾನಿಕೆ ಬಂದೇ ಬರುತ್ತದೆ. ಹಾಗೆ ಕಾಣದ ಆಟ ತನ್ನಿ. ‘ಹನಾಬಿ’ಯಲ್ಲಿ ನಿಮ್ಮ ಎಲೆ ನಿಮಗೇ ಕಾಣುವುದಿಲ್ಲ, ಬೆನ್ನು ನಿಮ್ಮ ಕಡೆಗೆ, ಮುಖ ಇತರರ ಕಡೆಗೆ. ಎಣಿಸಿ ಕೊಟ್ಟ ಕೆಲವೇ ಸುಳಿವುಗಳಲ್ಲಿ ಒಬ್ಬರಿಗೊಬ್ಬರು ತಿಳಿಸಬೇಕು. ಇಸ್ಪೀಟಿನಲ್ಲಿ ತುರುಪು ಹೊಡೆದು ಬೆಳೆದ ಮನೆಯಾದರೆ ‘ದ ಕ್ರೂ’: ಎಲ್ಲರೂ ಒಂದೇ ತಂಡ, ಆದರೆ ಕೈಯಲ್ಲಿ ಏನಿದೆ ಎಂದು ಬಾಯಿಬಿಡುವ ಹಾಗಿಲ್ಲ. ಸುಲಭದಿಂದ ಕಠಿಣದವರೆಗೆ 50 ಸವಾಲುಗಳಿವೆ, ಒಂದು ಬೇಸಿಗೆ ರಜೆಗೆ ಸಾಕು.

ಕ್ಯಾಟನ್‌ನಲ್ಲಿ ನನ್ನ ಅಂಕಿ ಬೀಳೋದೇ ಇಲ್ಲ. ಬರೀ ಅದೃಷ್ಟ ಅಲ್ವಾ ಅದು?

ದಾಳದಲ್ಲಿ ಬಿದ್ದ ಅಂಕಿಯ ಜಾಗಕ್ಕೆ ತಾಗಿ ಮನೆ ಕಟ್ಟಿದವರಿಗೆ ಅಲ್ಲಿ ಸರಕು ಸಿಗುತ್ತದೆ. ಎರಡು ದಾಳಕ್ಕೆ 36 ಬಗೆಯ ಬೀಳುವಿಕೆ. ಅದರಲ್ಲಿ 7 ಬೀಳುವುದು ಆರು ಬಗೆಯಲ್ಲಿ, 6 ಮತ್ತು 8 ಐದೈದು ಬಗೆಯಲ್ಲಿ, 2 ಮತ್ತು 12 ಒಂದೊಂದೇ ಬಗೆಯಲ್ಲಿ. ಬಿಲ್ಲೆಗಳ ಮೇಲೆ ಅಂಕಿಯ ಕೆಳಗಿರುವ ಚುಕ್ಕೆಗಳು ಇದನ್ನೇ ಹೇಳುತ್ತವೆ. ಮೊದಲ ಎರಡು ಮನೆ ಕಟ್ಟುವಾಗ ಮೂರು ಕಡೆಯ ಚುಕ್ಕೆ ಕೂಡಿಸಿ ನೋಡಿ, ಜೊತೆಗೆ ಅಂಕಿಗಳು ಬೇರೆ ಬೇರೆ ಇರಲಿ. ಇಷ್ಟಾದ ಮೇಲೂ ಬೀಳದಿದ್ದರೆ ಅದು ಅದೃಷ್ಟವೇ, ಅಂಥ ದಿನಗಳೂ ಇರುತ್ತವೆ. ಕವಡೆ ಹಾಕಿ ಬೆಳೆದವರಿಗೆ ಇದನ್ನು ಹೇಳಬೇಕಿಲ್ಲ: ಅಲ್ಲಿಯೂ ಎರಡು ಮೂರು ಬಿದ್ದಷ್ಟು ಸಲ ಚೌಕವೂ ಬೀಳುವುದಿಲ್ಲ, ಬಾರವೂ ಬೀಳುವುದಿಲ್ಲ.

ಪ್ರಶಸ್ತಿ ಬಂದಿದೆ ಅಂತ ತಂದೆ, ಯಾರಿಗೂ ತಲೆಗೆ ಹತ್ತಲಿಲ್ಲ. ಪ್ರಶಸ್ತಿ ನೋಡಿ ತಗೋಬಾರದಾ?

ಯಾವ ಬಣ್ಣದ ಪ್ರಶಸ್ತಿ ಎಂದು ನೋಡಬೇಕಿತ್ತು. ಜರ್ಮನಿಯ ‘ಸ್ಪೀಲ್ ಡೆಸ್ ಯಾರೆಸ್’, ಅಂದರೆ ವರ್ಷದ ಆಟ, 1979ರಿಂದ ನಡೆದುಬಂದಿದೆ. ಪೆಟ್ಟಿಗೆಯ ಮೇಲೆ ಕೆಂಪು ಕಾಯಿಯ ಚಿತ್ರವಿದ್ದರೆ ಅದು ಸಂಸಾರಸ್ಥರಿಗೆ, ನೀಲಿಯಿದ್ದರೆ ಮಕ್ಕಳಿಗೆ. ಕಡು ಬೂದು ಬಣ್ಣದ್ದು ಆಡಿ ಪಳಗಿದವರಿಗೆ, 2011ರಿಂದ ಬೇರೆಯಾಗಿ ಕೊಡುತ್ತಿದ್ದಾರೆ. ನೀವು ತಂದದ್ದು ಬೂದಿ ಬಣ್ಣದ್ದಿರಬೇಕು. ಹಕ್ಕಿಗಳ ಆಟ ‘ವಿಂಗ್‌ಸ್ಪ್ಯಾನ್’ 2019ರಲ್ಲಿ ಗೆದ್ದದ್ದು ಅದನ್ನೇ. ಚೆಂದದ ಆಟ, ಆದರೆ ಎಲೆ ತುಂಬ ಇಂಗ್ಲಿಷು.

ಬೋರ್ಡ್‌ಗೇಮ್‌ಗೀಕ್ ತಾಣದಲ್ಲಿ ಒಂದೊಂದು ಆಟಕ್ಕೂ 5ರಲ್ಲಿ ‘ತೂಕ’ ಎಷ್ಟು, ಅಂದರೆ ಆಟ ಎಷ್ಟು ಕಠಿಣ ಎಂದು ಹಾಕಿರುತ್ತಾರೆ. ‘ಟಿಕೆಟ್ ಟು ರೈಡ್’ 2ಕ್ಕಿಂತ ತುಸು ಕಡಿಮೆ, ‘ವಿಂಗ್‌ಸ್ಪ್ಯಾನ್’ ಸುಮಾರು ಎರಡೂವರೆ. ಮೊದಲ ವರ್ಷ 2ರ ಗೆರೆ ದಾಟಬೇಡಿ. ಮೇಲಿನಿಂದ ನೂರು ಆಟಗಳ ಪಟ್ಟಿ ನೋಡಿ ಕೊಂಡರೆ ಹೊರಲಾರದ ಹೊರೆ ಮನೆಗೆ ಬರುತ್ತದೆ.

ಎಕ್ಸ್‌ಪ್ಯಾನ್ಷನ್ ಯಾವಾಗ ತಗೋಬೇಕು?

ಎಕ್ಸ್‌ಪ್ಯಾನ್ಷನ್ ಎಂದರೆ ಮೂಲ ಆಟಕ್ಕೆ ಸೇರಿಸಿ ಆಡುವ ಹೆಚ್ಚುವರಿ ಪೆಟ್ಟಿಗೆ. ಮೂಲ ಆಟವನ್ನು ಹತ್ತು ಸಲವಾದರೂ ಆಡಿದ ಮೇಲೆ ತಗೊಳ್ಳಿ. ಜನ ಹೆಚ್ಚಾದರೆ ಮಾತ್ರ ಬೇಗ ಬೇಕಾಗಬಹುದು: ‘ಕ್ಯಾಟನ್’ಗೆ ಐದಾರು ಜನರ ಪೆಟ್ಟಿಗೆ ಬೇರೆಯಾಗಿ ಸಿಗುತ್ತದೆ. ‘ಟಿಕೆಟ್ ಟು ರೈಡ್’ಗೆ ಬ್ರಿಟಿಷರ ಕಾಲದ ಭಾರತದ ನಕ್ಷೆಯೂ ಇದೆ, ಆದರೆ ರೈಲುಡಬ್ಬಿಗಳು ಮೂಲ ಪೆಟ್ಟಿಗೆಯವೇ ಬೇಕು. ನಕ್ಷೆಯೊಂದನ್ನೇ ತಂದು ಪೆಚ್ಚಾದವರು ನನಗೆ ಇಬ್ಬರು ಗೊತ್ತು.

ಪದದ ಆಟಗಳೆಲ್ಲ ಇಂಗ್ಲಿಷಲ್ಲೇ ಇವೆ. ಕನ್ನಡದಲ್ಲಿ ಆಡೋಕೆ ಆಗಲ್ವಾ?

ಆಗುತ್ತದೆ, ಎಷ್ಟೋ ಸಲ ಹೆಚ್ಚು ಸೊಗಸಾಗುತ್ತದೆ. ‘ಕೋಡ್‌ನೇಮ್ಸ್’ನಲ್ಲಿ 25 ಪದಗಳನ್ನು ಐದೈದರಂತೆ ಹರಡಿ, ನಾಯಕರು ಒಂದೇ ಪದದ ಸುಳಿವು, ಜೊತೆಗೆ ಅದು ಎಷ್ಟು ಪದಗಳಿಗೆ ಎಂಬ ಅಂಕಿ ಹೇಳಿ ತಮ್ಮ ತಂಡದ ಪದಗಳನ್ನು ಹೇಳಿಸಬೇಕು. ಯಾವ ಪದ ಯಾರದೆಂದು ತೋರಿಸುವ ಕೀಲಿ ಎಲೆಗೆ ಭಾಷೆಯೇ ಇಲ್ಲ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಇನ್ನೂರು ಚೀಟಿ ಮಾಡಿ, ಮನೆಯವರೆಲ್ಲ ಸೇರಿ ಪದ ಬರೆಯಿರಿ. ಎರಡರ್ಥದ ಪದಗಳೇ ಜೀವಾಳ: ಕಾಲು, ಹೊತ್ತು, ಅಡಿ, ಕರಿ, ಎಲೆ, ಹತ್ತು, ನೆರೆ, ಅರಸು. ನಮ್ಮ ಮನೆಯಲ್ಲಿ ‘ಗಣೇಶ, ಮೂರು’ ಎಂದ ಸುಳಿವಿಗೆ ಕರಿ, ಇಲಿ, ಕಡುಬು ಸಿಕ್ಕವು. ಧಾರವಾಡದ ಸೊಸೆ, ಮಂಗಳೂರಿನ ಅತ್ತೆ ಒಂದೇ ತಂಡದಲ್ಲಿದ್ದರೆ ಇನ್ನೂ ಮಜಾ, ಒಬ್ಬರ ಸುಳಿವು ಇನ್ನೊಬ್ಬರಿಗೆ ಬೇರೆಯೇ ಅರ್ಥ ಕೊಡುತ್ತದೆ.

‘ಡಿಕ್ಸಿಟ್’ಗೆ ಅಷ್ಟೂ ಕೆಲಸವಿಲ್ಲ, ಅದರ 84 ಎಲೆಗಳಲ್ಲೂ ಬರೀ ಚಿತ್ರ. ನಿಮ್ಮ ಎಲೆಗೆ ಒಂದು ಮಾತು ಹೇಳಬೇಕು. ಎಲ್ಲರ ಎಲೆ ಬೆರೆಸಿಟ್ಟಾಗ ನಿಮ್ಮದು ಯಾವುದೆಂದು ಎಲ್ಲರೂ ಕಂಡುಹಿಡಿದರೂ ನಿಮಗೆ ಸೊನ್ನೆ, ಯಾರೂ ಕಂಡುಹಿಡಿಯದಿದ್ದರೂ ಸೊನ್ನೆ. ಗಾದೆ, ಒಗಟು, ವಚನದ ಸಾಲು ಬಾಯಿಗೆ ಬರುವ ಹಿರಿಯರು ಇದರಲ್ಲಿ ಸೋಲುವುದು ಕಷ್ಟ.

ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ವಿಡಿಯೋ ಕರೆಯಲ್ಲಿ ಆಡಬಹುದಾ?

‘ಬೋರ್ಡ್ ಗೇಮ್ ಅರೀನಾ’ ತಾಣದಲ್ಲಿ ‘ಕಾರ್ಕಸೋನ್’ ತರಹದ ಆಟಗಳನ್ನು ಎರಡೂ ಕಡೆಯಿಂದ ಆಡಬಹುದು. ಅವರಿಗೆ ರಾತ್ರಿ, ನಿಮಗೆ ಬೆಳಗಾದರೆ ದಿನಕ್ಕೆ ಒಂದೆರಡು ನಡೆ ಆಡುವ ಬಗೆಯೂ ಇದೆ. ತಾಣ ಬೇಡವೆಂದರೆ ‘ಜಸ್ಟ್ ಒನ್’ಗೆ ಕಾಗದ, ಪೆನ್ನು, ಕ್ಯಾಮೆರಾ ಇದ್ದರೆ ಸಾಕು.

ಮಳೆಗಾಲದಲ್ಲಿ ಎಲೆಗಳಿಗೆಲ್ಲ ಬೂಷ್ಟು ಹಿಡೀತು. ಒಂದೆರಡು ಕಾಯೂ ಕಳೆದುಹೋಗಿವೆ. ಆಟ ಎಸೆಯೋದಾ?

ಎಸೆಯಬೇಡಿ. ಬೂಷ್ಟನ್ನು ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ನೆರಳಲ್ಲಿ ಗಾಳಿಗೆ ಹರಡಿ. ಬಿಸಿಲಿಗಿಟ್ಟರೆ ಎಲೆ ಡೊಂಕಾಗುತ್ತದೆ. ಮಲೆನಾಡು, ಕರಾವಳಿಯಲ್ಲಿದ್ದರೆ ಎಲೆಗಳಿಗೆ ಪ್ಲಾಸ್ಟಿಕ್ ಸ್ಲೀವ್ ಹಾಕಿ. ಇಸ್ಪೀಟಿನ ಅಳತೆಯ ಎಲೆ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ ಇರುತ್ತದೆ, ಅಳೆದೇ ಕೊಳ್ಳಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್‌ನ ಪೊಟ್ಟಣ ಎರಡಿರಲಿ. ಗೋಡೆಗೆ ತಾಗಿದ ಕಪಾಟಿನ ಕೆಳಗಿನ ಖಾನೆ ಬೇಡ. ತಿಂಡಿ ತಟ್ಟೆಯೂ ಹತ್ತಿರ ಬೇಡ, ಚಕ್ಕುಲಿಯ ಎಣ್ಣೆಗಿಂತ ಬೂಷ್ಟು ವಾಸಿ.

ಕಳೆದ ಕಾಯಿಗೆ ಪ್ರಕಾಶಕರಿಗೆ ಬರೆದರೆ ಕೆಲವರು ಕಳಿಸುತ್ತಾರೆ. ಅಲ್ಲಿಯವರೆಗೆ ಹುಣಸೆಬೀಜ, ಬಳೆಚೂರು ಇದ್ದೇ ಇವೆ. ನಮ್ಮ ‘ಕ್ಯಾಟನ್’ನಲ್ಲಿ ಕಳ್ಳನ ಕಾಯಿ ಹೋಗಿ ನಾಲ್ಕು ವರ್ಷವಾಯಿತು, ಅಂದಿನಿಂದ ಒಂದು ಒಣ ಅಡಿಕೆ ಆ ಕೆಲಸ ಮಾಡುತ್ತಿದೆ.